ಬ್ಯಾಂಡ್ ರೂಮಿನ ಆರು ವಾದ್ಯ, 23 ದಿನ: ರಿಪೇರಿ ಡೈರಿ

ಆರು ಬಂದವು, ಐದು ಹೋದವು. ಆರನೆಯದು ಇನ್ನೂ ನನ್ನ ಮೇಜಿನ ಮೇಲೇ ಇದೆ, ಅದನ್ನು ಕೆಡಿಸಿದ್ದು ನಾನೇ. ಅದರ ಕಥೆ ಕೊನೆಯಲ್ಲಿ ಬರುತ್ತದೆ, ಸ್ವಲ್ಪ ತಡೆದುಕೊಳ್ಳಿ.

ನಾನು ಇದನ್ನೇ ಹೊಟ್ಟೆಪಾಡು ಮಾಡಿಕೊಂಡವನಲ್ಲ. ಓದುವಾಗ ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದೆ, ಈಗ ಬಿಡುವಿನಲ್ಲಿ ಹಳೇ ವಾದ್ಯ ಬಿಚ್ಚಿ ಜೋಡಿಸುವ ಹುಚ್ಚು. ಪರಿಚಯದ ಬ್ಯಾಂಡ್ ಮೇಷ್ಟ್ರು ಒಬ್ಬರು ಪರೇಡಿಗೆ 23 ದಿನ ಇದೆ ಅನ್ನುವಾಗ ಆರು ವಾದ್ಯ ತಂದು ಇಳಿಸಿದರು. ಖರ್ಚನ್ನು ನಾನು ಗಂಟೆಯಲ್ಲೇ ಬರೆದಿಟ್ಟಿದ್ದೇನೆ, ಯಾಕೆಂದರೆ ಸಾಮಾನಿಗಿಂತ ಹೊತ್ತು ತಿಂದಿದ್ದೇ ಜಾಸ್ತಿ.

ದಿನ 1. ನೋಡಿ ಬರೆದುಕೊಂಡಿದ್ದು

ಮೊದಲ ದಿನ ಯಾವ ಉಪಕರಣವನ್ನೂ ಮುಟ್ಟಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಫೋಟೋ ತೆಗೆದೆ, ಪ್ರತಿಯೊಂದಕ್ಕೂ ಕಾಗದದ ಟೇಪ್ ಅಂಟಿಸಿ ಗುರುತು ಬರೆದೆ.

ಟ್ರಂಪೆಟ್ ಎ: ಬೆಲ್ (ಸ್ವರ ಹೊರಬರುವ ಅಗಲ ಬಾಯಿ) ಮಡಚಿಕೊಂಡಿದೆ, ಯಾರೋ ಮೇಲೆ ಕೂತಿದ್ದಾರೆ. ಊದಿದರೆ ಗಾಳಿಯೇ ಹೋಗುವುದಿಲ್ಲ.
ಟ್ರಂಪೆಟ್ ಬಿ: ಮೌತ್‌ಪೀಸ್ ಸಿಕ್ಕಿಹಾಕಿಕೊಂಡಿದೆ. ಎರಡನೇ ವಾಲ್ವ್ (ಸ್ವರ ಬದಲಿಸಲು ಒತ್ತುವ ಗುಂಡಿ) ಒತ್ತಿದರೆ ಮೇಲೆ ಬರುವುದಿಲ್ಲ. ನೋಡಲು ಮಾತ್ರ ಹೊಸದರ ಹಾಗಿದೆ.
ಟ್ರಂಪೆಟ್ ಸಿ: ಮೂರನೇ ಸ್ಲೈಡ್ (ಒಳಗೆ ಹೊರಗೆ ಜಾರುವ ಕೊಳವೆ) ಜಪ್ಪಯ್ಯ ಅಂದರೂ ಅಲುಗುವುದಿಲ್ಲ.
ಯುಫೋನಿಯಂ (ಚಿಕ್ಕ ಟ್ಯೂಬಾದಂಥ ವಾದ್ಯ): ಕೆಳಗಿನ ಬಾಗಿನಲ್ಲಿ ಅಂಗೈ ಅಗಲದ ನೆಗ್ಗು, ಟ್ಯೂನಿಂಗ್ ಸ್ಲೈಡಿನಲ್ಲಿ ಇನ್ನೊಂದು. ನೀರು ಬಿಡುವ ಕೀಲಿಯ ಕಾರ್ಕ್ ಇಲ್ಲ, ಅದರ ಜಾಗದಲ್ಲಿ ಚ್ಯೂಯಿಂಗ್ ಗಮ್.
ಸೂಸಾಫೋನ್ (ಮೈ ಸುತ್ತ ಹಾಕಿಕೊಂಡು ಊದುವ ದೊಡ್ಡ ವಾದ್ಯ): ದೊಡ್ಡ ಕೊಳವೆಗಳನ್ನು ಹಿಡಿದಿಡುವ ಒಂದು ಬ್ರೇಸ್ ಕಿತ್ತು ಬಂದಿದೆ, ಅದನ್ನು ಇಪಾಕ್ಸಿ ಅಂಟಿನಲ್ಲಿ ಮೆತ್ತಿದ್ದಾರೆ.
ಟ್ರೊಂಬೋನ್: ಸ್ಲೈಡ್ ನಡುವೆ ಒಂದು ಕಡೆ ತಡೆಯುತ್ತದೆ. ಅಷ್ಟೇ. ಇದೇ ಎಲ್ಲಕ್ಕಿಂತ ಸಲೀಸು ಅಂದುಕೊಂಡಿದ್ದೆ.

ಬಿ ಯಾರದು ಅಂತ ಮೇಷ್ಟ್ರನ್ನು ಕೇಳಿದೆ. ಒಬ್ಬಳು ಹುಡುಗಿ ಊದುತ್ತಾಳಂತೆ. ಎರಡನೇ ವಾಲ್ವ್ ಒತ್ತಿದ ಮೇಲೆ ಎಡಗೈಯ ಒಂದು ಬೆರಳು ತಂದು ಗುಂಡಿಯನ್ನು ಮೇಲಕ್ಕೆ ಎತ್ತುತ್ತಾಳಂತೆ, ಹಾಡಿನ ನಡುವೆಯೇ, ತಾಳ ತಪ್ಪದ ಹಾಗೆ. "ನಾನು ಮೊದಲು ಅದೇನೋ ಸ್ಟೈಲು ಅಂದುಕೊಂಡಿದ್ದೆ ಸಾರ್" ಅಂದರು.

ಎ ಊದಿದರೆ ಗಾಳಿ ಹೋಗದಿರುವುದಕ್ಕೆ ಬೆಲ್ ಮಡಚಿದ್ದು ಕಾರಣ ಅಲ್ಲವೇ ಅಲ್ಲ. ಮೇಲಿನ ಮುಚ್ಚಳ ಬಿಚ್ಚಿ ನೋಡಿದರೆ ಒಂದನೇ ಪಿಸ್ಟನ್ (ವಾಲ್ವಿನೊಳಗೆ ಮೇಲೆ ಕೆಳಗೆ ಓಡುವ ಉರುಳೆ) ಮೂರರ ಮನೆಯಲ್ಲಿ (ಅದು ಕೂರುವ ಕೊಳವೆಯಲ್ಲಿ), ಮೂರನೆಯದು ಒಂದರ ಮನೆಯಲ್ಲಿ. ಪಿಸ್ಟನ್ ಮೇಲೆ ನಂಬರ್ ಕೊರೆದಿರುತ್ತದೆ, ನೋಡಿ ಹಾಕಬೇಕು. ಅದಲು ಬದಲು ಮಾಡಿದೆ, ಎರಡು ನಿಮಿಷ. ಮಡಚಿದ ಬೆಲ್‌ನಲ್ಲೇ ಸ್ವರ ಸ್ಪಷ್ಟವಾಗಿ ಬಂತು! ಬೆಲ್ ಕಡೆಯ ನೆಗ್ಗು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಕಿವಿಗೆ ಅಷ್ಟೇನೂ ಅಲ್ಲ. ಬಾಯಿಯ ಹತ್ತಿರದ ಸಣ್ಣ ಕೊಳವೆಯಲ್ಲಿ, ವಾಲ್ವ್ ಮನೆಯಲ್ಲಿ ಕೂದಲೆಳೆಯಷ್ಟು ನೆಗ್ಗಿದ್ದರೂ ವಾದ್ಯ ಕೈ ಕೊಡುತ್ತದೆ. ಆದ್ದರಿಂದ ಕೆಲಸದ ಸಾಲನ್ನು ನೋಟದ ಮೇಲೆ ಹಾಕಲಿಲ್ಲ. ಮೊದಲು ಬಿ, ಆಮೇಲೆ ಉಳಿದದ್ದು.

ಅದೇ ದಿನ ಗಾಳಿ ಸೋರುತ್ತದಾ ಅಂತಲೂ ನೋಡಿಕೊಂಡೆ. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಎರಡು ಬೆರಳು ಅಗಲ ಹೊರಗೆಳೆಯಿರಿ, ಐದು ಎಣಿಸಿ, ಆಮೇಲೆ ವಾಲ್ವ್ ಒತ್ತಿ. "ಟಪ್" ಅಂತ ಸದ್ದು ಬಂದರೆ ಪಿಸ್ಟನ್ ಚೆನ್ನಾಗಿದೆ. ಏನೂ ಬರದಿದ್ದರೆ ಎಲ್ಲೋ ಸೋರುತ್ತಿದೆ. ಬಿಯಲ್ಲಿ ಮೂರಕ್ಕೆ ಮೂರೂ ಟಪ್ ಅಂದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನೇ ಇದನ್ನು ಹಾಳು ಮಾಡುತ್ತೇನೆ.

ದಿನ 2. ತೊಳೆದಿದ್ದು (4 ಗಂಟೆ)

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಉದ್ದನೆಯ ಬಾಗುವ ಬ್ರಷ್. ನೀರು ಬಿಸಿ ಇದ್ದರೆ ಲ್ಯಾಕರ್ (ಮೇಲಿನ ಹೊಳಪಿನ ಲೇಪ) ಸಿಪ್ಪೆ ಎದ್ದು ಬರುತ್ತದೆ, ಕೈಗೆ ಹಿತ ಅನ್ನಿಸುವಷ್ಟೇ ಸಾಕು. ಫೆಲ್ಟ್, ಕಾರ್ಕ್, ಸ್ಪ್ರಿಂಗ್ ಮೊದಲೇ ತೆಗೆದಿಡಬೇಕು. ಪ್ರತಿ ಪಿಸ್ಟನ್ನಿಗೂ ಬೇರೆ ಬೇರೆ ಬಟ್ಟಲು.

ಸೂಸಾಫೋನ್ ಒಳಗಿಂದ ಒಂದು ಕಾಲುಚೀಲ ಬಂತು. ಯುಫೋನಿಯಂನಿಂದ ಎರಡು ಪೆನ್ನಿನ ಮುಚ್ಚಳ. ಟ್ರಂಪೆಟ್‌ಗಳಿಂದ ಬಂದಿದ್ದನ್ನು ಬರೆಯುವುದಿಲ್ಲ, ಹಸಿರು ಬಣ್ಣದ್ದು, ಊಟದ ಹೊತ್ತಿಗೆ ಓದುವವರೂ ಇರುತ್ತೀರಿ.

ಕಿಲುಬು ಬಿಡಿಸಲು ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕಲಸಿದೆ. ಹತ್ತು ಹದಿನೈದು ನಿಮಿಷ ಸಾಕು. ಸಿಯ ಟ್ಯೂನಿಂಗ್ ಸ್ಲೈಡನ್ನು ಅದರಲ್ಲಿ ಮುಳುಗಿಸಿ ಬೇರೇನೋ ಮಾಡುತ್ತಾ ಮರೆತೇಬಿಟ್ಟೆ. ಒಂದು ಗಂಟೆ ಆದ ಮೇಲೆ ತೆಗೆದರೆ ಇಡೀ ಸ್ಲೈಡ್ ಗುಲಾಬಿ ಬಣ್ಣ. ಎದೆ ಧಸಕ್ ಅಂತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಅಲ್ವಾ, ಸತು ಕೊಚ್ಚಿಹೋದರೆ ತಾಮ್ರವಷ್ಟೇ ಉಳಿದು ಲೋಹ ಪೊಳ್ಳಾಗುತ್ತದೆ, ರೆಡ್ ರಾಟ್ ಅನ್ನುತ್ತಾರಲ್ಲ ಅದು. ಪುಣ್ಯಕ್ಕೆ ನನ್ನದು ಅದಲ್ಲ. ಆಮ್ಲದ ಗುಲಾಬಿ ಬರೀ ಮೇಲಿನ ಪೊರೆ, ಪಾಲಿಶ್ ಹಾಕಿ ಉಜ್ಜಿದರೆ ಹೋಗುತ್ತದೆ. ಹೋಯಿತು. ನಿಜವಾದ ರೆಡ್ ರಾಟ್ ಉಜ್ಜಿದರೂ ಹೋಗುವುದಿಲ್ಲ, ಚುಕ್ಕಿ ಚುಕ್ಕಿಯಾಗಿ ಇರುತ್ತದೆ, ಚುಕ್ಕಿಯ ನಡುವೆ ಸೂಜಿಮೊನೆಯಷ್ಟು ಕಪ್ಪು.

ತಮಾಷೆ ಏನೆಂದರೆ, ಅದೇ ಸಿಯನ್ನು ತಿರುಗಿಸಿ ಒರೆಸುವಾಗ ಮೌತ್‌ಪೀಸ್ ಕೂರುವ ಕೊಳವೆಯ ಕೆಳಬದಿಯಲ್ಲಿ ನಿಜವಾದದ್ದೇ ಮೂರು ಚುಕ್ಕಿ ಸಿಕ್ಕವು. ಅದಕ್ಕೆ ಮದ್ದಿಲ್ಲ, ಇವತ್ತಲ್ಲ ನಾಳೆ ಆ ಕೊಳವೆಯನ್ನೇ ಬದಲಿಸಬೇಕು. ಇನ್ನೂ ತೂತಾಗಿಲ್ಲ, ಹಾಗಾಗಿ ಚೀಟಿಯಲ್ಲಿ ಬರೆದು ಮುಂದೆ ಹೋದೆ.

ದಿನ 3. ಬಿ: ಮೌತ್‌ಪೀಸ್ (1 ಗಂಟೆ)

ಇದಕ್ಕೆ ಪುಲ್ಲರ್ ಅಂತಲೇ ಒಂದು ಸಾಧನ ಇದೆ. ಎರಡು ದವಡೆ, ಎರಡು ಸ್ಕ್ರೂ. ಎರಡೂ ಬದಿಯ ಸ್ಕ್ರೂವನ್ನು ಅರ್ಧರ್ಧ ಸುತ್ತು ಸರದಿಯಂತೆ ತಿರುಗಿಸುತ್ತಾ ನಡುನಡುವೆ ಚಿಕ್ಕ ಮರದ ಕೊಡತಿಯಿಂದ ಮೌತ್‌ಪೀಸ್ ಕೂರುವ ಜಾಗವನ್ನು ಸುತ್ತ ತಟ್ಟಬೇಕು. ಆರನೇ ಸುತ್ತಿಗೆ "ಟಣ್" ಅಂತ ಬಂತು.

ನನ್ನ ಕೈಗೆ ಬರುವ ಮೊದಲು ಯಾರೋ ಇಕ್ಕಳ ಹಾಕಿ ತಿರುಗಿಸಿದ್ದರು. ಮೌತ್‌ಪೀಸ್ ಮೇಲೆ ಹಲ್ಲಿನ ಗುರುತು ಸಾಲಾಗಿ ಇತ್ತು, ಕೊಳವೆಯನ್ನು ಹಿಡಿದಿದ್ದ ಬ್ರೇಸಿನ ಬೆಸುಗೆ ಬಿರುಕು ಬಿಟ್ಟಿತ್ತು. ದಯವಿಟ್ಟು ಇಕ್ಕಳ ಹಾಕಬೇಡಿ. ಈ ಕೊಳವೆ ತೆಳು, ಮೌತ್‌ಪೀಸ್ ಗಟ್ಟಿ. ತಿರುಚಿದರೆ ತಿರುಚಿಕೊಳ್ಳುವುದು ಯಾವುದು ಅಂತ ಹೇಳಬೇಕಾಗಿಲ್ಲ.

ಮೌತ್‌ಪೀಸಿನ ಸಣ್ಣ ತುದಿ ಕೆಳಗೆ ಬಿದ್ದು ಮೊಟ್ಟೆಯಾಕಾರ ಆಗಿತ್ತು. ಚೂಪಾಗುತ್ತಾ ಹೋಗುವ ನುಣುಪಾದ ಉಕ್ಕಿನ ಕಡ್ಡಿ ಒಳಗೆ ಹಾಕಿ ತಿರುಗಿಸುತ್ತಾ ಮೆಲ್ಲಗೆ ಒತ್ತಿದೆ, ಗುಂಡಗಾಯಿತು. ಅದು ಸಿಕ್ಕಿಕೊಳ್ಳಲು ಅರ್ಧ ಕಾರಣ ಇದೇ ಇರಬೇಕು.

ಸಿಯ ಸ್ಲೈಡಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮೂಲೆಯಲ್ಲಿಟ್ಟೆ. ದಿನಕ್ಕೆ ಎರಡು ಹನಿ.

ದಿನ 4 ಮತ್ತು 5. ಬಿ: ಎರಡನೇ ವಾಲ್ವ್ (6 ಗಂಟೆ, ಅದರಲ್ಲಿ 2 ಗಂಟೆ ದಂಡ)

ದಂಡವಾದ ಎರಡು ಗಂಟೆಯ ಬಗ್ಗೆ ಮೊದಲು ಹೇಳುತ್ತೇನೆ. ವಾಲ್ವ್ ಅಂಟುತ್ತದೆ ಅಂದರೆ ಕೊಳೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ತೊಳೆದೆ, ಒರೆಸಿದೆ, ಎಣ್ಣೆ ಹಾಕಿದೆ, ಅಂಟಿತು. ಮತ್ತೆ ತೊಳೆದೆ, ಅಂಟಿತು. ಆಗ ತಾಳ್ಮೆ ಕೆಟ್ಟು ಪಿಸ್ಟನ್ನಿಗೆ ಲೋಹದ ಪಾಲಿಶ್ ಹಚ್ಚಿ ಮನೆಯೊಳಗೆ ಹಾಕಿ ಮೇಲೆ ಕೆಳಗೆ, ಸುತ್ತ, ಇಪ್ಪತ್ತು ನಿಮಿಷ ಉಜ್ಜಿದೆ. ಆಮೇಲೂ ಅಂಟಿತು. ಮೊದಲ ದಿನದ ಟಪ್ ಪರೀಕ್ಷೆ ಮತ್ತೆ ಮಾಡಿದರೆ ಎರಡನೇ ವಾಲ್ವಿನ ಸದ್ದು ಅರ್ಧಕ್ಕೆ ಇಳಿದಿತ್ತು. ಒಂದು ಕಡೆ ಮಾತ್ರ ಉಜ್ಜುತ್ತಿದ್ದ ಪಿಸ್ಟನ್ನನ್ನು ನಾನು ಎಲ್ಲ ಕಡೆ ಸವೆಸಿದ್ದೆ. ಪಿಸ್ಟನ್ನಿಗೂ ಮನೆಗೂ ನಡುವಿನ ಸಂದನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎಣಿಸುತ್ತಾರೆ. ಅಲ್ಲಿಂದ ತೆಗೆದ ಲೋಹ ವಾಪಸ್ ಬರುವುದಿಲ್ಲ. ಈಗ ಆ ವಾಲ್ವಿಗೆ ಸ್ವಲ್ಪ ಮಂದ ಎಣ್ಣೆ ಹಾಕಬೇಕು ಅಂತ ಚೀಟಿ ಅಂಟಿಸಿದ್ದೇನೆ. ತಪ್ಪು ನನ್ನದು.

ಮಾರನೇ ದಿನ ಮೊದಲೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಸ್ಪ್ರಿಂಗ್ ಇಲ್ಲದೆ ಒಣ ಪಿಸ್ಟನ್ನನ್ನು ಮೇಲಿಂದ ಬಿಟ್ಟರೆ ತನ್ನ ಭಾರಕ್ಕೆ ತಾನೇ ಜಾರಿ ಇಳಿಯಬೇಕು. ನಡುವೆ ನಿಂತಿತು. ಕೆಳಗಿನ ಮುಚ್ಚಳ ತೆಗೆದು ಕೆಳಗಿಂದ ತೂರಿಸಿದೆ, ಅಲ್ಲೂ ನಡುವೆಯೇ ತಡೆಯಿತು. ಅಂದರೆ ಅಡ್ಡಿ ಇರುವುದು ಮನೆಯ ನಡುಭಾಗದಲ್ಲಿ. ಪಿಸ್ಟನ್ ಸುತ್ತ ಕಪ್ಪು ಮಾರ್ಕರ್ ಬಳಿದು, ಒಣಗಿದ ಮೇಲೆ ಒಳಗೆ ಹಾಕಿ ಒಂದು ಸುತ್ತು ತಿರುಗಿಸಿ ತೆಗೆದೆ. ಮನೆಯೊಳಗೆ ಟಾರ್ಚ್ ಬಿಟ್ಟರೆ ಒಂದೇ ಒಂದು ಕಡೆ, ಎರಡನೇ ಸ್ಲೈಡಿನ ಕೊಳವೆ ಮನೆಗೆ ಸೇರುವ ತೂತಿನ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಗೆರೆ.

ಟ್ರಂಪೆಟ್ ಹಿಡಿದು ನೋಡಿ, ಎರಡನೇ ಸ್ಲೈಡ್ ಪಕ್ಕಕ್ಕೆ ಮೊಣಕೈ ಹಾಗೆ ಚಾಚಿಕೊಂಡಿರುತ್ತದೆ. ವಾದ್ಯ ಆ ಮಗ್ಗುಲಿಗೆ ಬಿದ್ದರೆ ಏಟು ಬೀಳುವುದು ಆ ಸ್ಲೈಡಿಗೆ. ಸ್ಲೈಡ್ ಗಟ್ಟಿಯಾಗಿರುತ್ತದೆ, ಏಟನ್ನು ಹಾಗೇ ಮನೆಯ ಗೋಡೆಗೆ ದಾಟಿಸುತ್ತದೆ. ಹೊರಗೆ ಒಂದು ಗೀರೂ ಇರುವುದಿಲ್ಲ. ಅದಕ್ಕೇ ಬಿ ಹೊಸದರ ಹಾಗೆ ಕಾಣುತ್ತಿತ್ತು.

ಸರಿಮಾಡಿದ್ದು ಹೀಗೆ. ಸ್ಲೈಡ್ ತೆಗೆದು, ಉಳಿಯುವ ಎರಡು ಗಿಡ್ಡ ಕೊಳವೆಗಳಲ್ಲಿ ಅಳತೆಗೆ ಸರಿಯಾಗಿ ಕೂರುವ ಉಕ್ಕಿನ ಕಡ್ಡಿ ತೂರಿಸಿದೆ. ವಾದ್ಯವನ್ನು ದಪ್ಪ ಬಟ್ಟೆಯ ಮೇಲೆ ಮಡಿಲಲ್ಲಿ ಇಟ್ಟುಕೊಂಡು, ಕಡ್ಡಿಯನ್ನು ಏಟು ಬಿದ್ದ ದಿಕ್ಕಿಗೆ ಎದುರಾಗಿ ಕೈಯಲ್ಲೇ ಮೀಟಿದೆ. ಸುತ್ತಿಗೆ ಇಲ್ಲ, ವೈಸ್ (ಮೇಜಿಗೆ ಕೂರಿಸಿದ, ಕಚ್ಚಿ ಹಿಡಿಯುವ ಸಾಧನ) ಇಲ್ಲ. ಒಂದು ಸಲ ಮೀಟುವುದು, ಪಿಸ್ಟನ್ ಬಿಟ್ಟು ನೋಡುವುದು. ಮೊದಲ ಮೂರು ಸಲ ಏನೂ ಆಗಲಿಲ್ಲ. ನಾಲ್ಕನೇ ಸಲಕ್ಕೆ ಪಿಸ್ಟನ್ ಇನ್ನೊಂದು ಚೂರು ಕೆಳಗೆ ಹೋಗಿ ನಿಂತಿತು. ಐದಕ್ಕೆ ಇನ್ನೊಂದು ಚೂರು. ಏಳನೇ ಸಲ ಬಿಟ್ಟಾಗ ಸರ್ರಂತ ಇಳಿದು ಕೆಳಗೆ ಇಟ್ಟಿದ್ದ ನನ್ನ ಅಂಗೈಗೆ ಬಿತ್ತು. ಇನ್ನೂ ಸ್ವಲ್ಪ ಮೀಟೋಣ ಅಂತ ಕೈ ತುರಿಸಿತು, ಬಿಟ್ಟೆ. ಜಾಸ್ತಿ ಎಳೆದರೆ ಅಲ್ಲಿನ ಬೆಸುಗೆಯೇ ಕಿತ್ತುಬರುತ್ತದೆ.

ದಿನ 7, 8, 9. ಎ: ಮಡಚಿದ ಬೆಲ್ (9 ಗಂಟೆ)

ಮೂರು ದಿನವೂ ಸಂಜೆ ಮಾತ್ರ. ಬೆಲ್ ಬಾಯಿಯ ಅಗಲ 123 ಮಿಲಿಮೀಟರ್ ಇರಬೇಕು. ಒಂದು ಕಡೆಯಿಂದ ಅಳೆದರೆ 140, ಅಡ್ಡಕ್ಕೆ 88.

ಮೊದಲು ಮಡಿಕೆಯನ್ನು ಹೆಬ್ಬೆರಳಿನಿಂದ, ಆಮೇಲೆ ನುಣ್ಣಗೆ ಉಜ್ಜಿದ ಮರದ ದೊಣ್ಣೆಯಿಂದ ಒಳಗಿಂದ ಒತ್ತಿ ಬಿಡಿಸಿದೆ. ಇದು ಚೆನ್ನಾಗಿಯೇ ಆಯಿತು. ಆಮೇಲೆ ಬೆಲ್ಲಿನ ಆಕಾರಕ್ಕೆ ಹೊಂದುವ ಮ್ಯಾಂಡ್ರೆಲ್ (ಒಳಗಿಂದ ಆಸರೆ ಕೊಡುವ ಅಚ್ಚು) ಬೇಕು. ನನ್ನ ಹತ್ತಿರ ಉಕ್ಕಿನದಿಲ್ಲ, ಗಟ್ಟಿ ಮರದ್ದನ್ನು ಲೇತಿನಲ್ಲಿ ಕಡೆದುಕೊಂಡಿದ್ದೇನೆ. ಅದನ್ನು ವೈಸಿಗೆ ಕಚ್ಚಿಸಿ, ಬೆಲ್ ಏರಿಸಿ, ಹೊರಗಿಂದ ಕೆಲಸ.

ಇಲ್ಲೊಂದು ತಪ್ಪು. ಬೇಗ ಆಗಲಿ ಅಂತ ಉಕ್ಕಿನ ಸುತ್ತಿಗೆ ತೆಗೆದುಕೊಂಡು ಹತ್ತು ಹನ್ನೆರಡು ಏಟು ಹಾಕಿದೆ. ಏಟು ಬಿದ್ದಲ್ಲೆಲ್ಲ ಹಿತ್ತಾಳೆ ತೆಳುವಾಗಿ ಹರಡಿತು. ಹರಡಿದ ಲೋಹಕ್ಕೆ ಹೋಗಲು ಜಾಗ ಇಲ್ಲ, ಉಬ್ಬಿಕೊಂಡಿತು. ಒಂದು ನೆಗ್ಗಿದ್ದ ಕಡೆ ಏಳೆಂಟು ಸಣ್ಣ ಗುಳ್ಳೆ. ಸುತ್ತಿಗೆ ಬಿಸಾಕಿ ಬರ್ನಿಷರ್ ಹಿಡಿದೆ. ಕನ್ನಡಿಯ ಹಾಗೆ ನುಣುಪಾದ ಉಕ್ಕಿನ ಕಡ್ಡಿ ಅಷ್ಟೇ ಅದು. ಎಣ್ಣೆ ಸವರಿ ನೆಗ್ಗಿನ ಅಂಚಿನಿಂದ ನಡುವಿಗೆ, ಭಾರ ಹಾಕಿ ಉದ್ದುದ್ದ ಉಜ್ಜುವುದು. ನಡುವಿನಿಂದ ಶುರು ಮಾಡಬಾರದು. ಎರಡು ಸಂಜೆ ಬರೀ ಉಜ್ಜಿದ್ದು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಹಿತ್ತಾಳೆಯನ್ನು ಮಡಚಿ ಬಿಚ್ಚಿ ಮಾಡಿದಷ್ಟೂ ಪೆಡಸಾಗುತ್ತಾ ಹೋಗುತ್ತದೆ, ತಂತಿಯನ್ನು ಅತ್ತ ಇತ್ತ ಬಾಗಿಸಿ ಮುರಿಯುತ್ತೇವಲ್ಲ ಹಾಗೆ. ಮಡಿಕೆ ಇದ್ದ ಗೆರೆಯನ್ನು ಮಬ್ಬು ಕೆಂಪಾಗುವವರೆಗೆ ಕಾಯಿಸಿ ಹದಕ್ಕೆ ತರಬೇಕಿತ್ತು. ಲ್ಯಾಕರ್ ಸುಟ್ಟುಹೋಗುತ್ತದೆ ಅಂತ ಜಿಪುಣತನ ಮಾಡಿದೆ. ಒಂಬತ್ತನೇ ದಿನ ಉಜ್ಜುತ್ತಿರುವಾಗ "ಚಿಟ್" ಅಂತ ಒಂದು ಸದ್ದು, ನೋಡಿದರೆ 8 ಮಿಲಿಮೀಟರ್ ಉದ್ದದ ಬಿರುಕು. ಲ್ಯಾಕರ್ ಉಳಿಸಲು ಹೋಗಿ ಬೆಲ್ಲನ್ನೇ ಸೀಳಿದ ಹಾಗಾಯಿತು. ಕೊನೆಗೆ ಹೊರಗಡೆಯಿಂದ ಹೆಬ್ಬೆರಳ ಉಗುರಿನಷ್ಟು ಹಿತ್ತಾಳೆ ತಗಡಿನ ತೇಪೆ, ಮೂಲೆಗಳನ್ನು ಅರದಲ್ಲಿ ಗುಂಡಗೆ ಮಾಡಿ, ಸೀಸದ ಬೆಸುಗೆ ಹಾಕಿದೆ. ತೇಪೆಯ ಸುತ್ತ ಲ್ಯಾಕರ್ ಹೇಗಿದ್ದರೂ ಸುಟ್ಟಿತು.

ಬಾಯಿಯ ಅಗಲ ಈಗ 123ಕ್ಕೆ 122, ಅಡ್ಡಕ್ಕೆ 124. ಬೆಳಕಿಗೆ ಹಿಡಿದರೆ ಅಲೆ ಅಲೆಯಾಗಿ ಕಾಣುತ್ತದೆ. ಮಾರಲು ಇಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ಊದಲು ಏನೂ ತೊಂದರೆ ಇಲ್ಲ.

ದಿನ 10. ಸಿ: ಸ್ಲೈಡ್ (2 ಗಂಟೆ)

ಒಂದು ವಾರ ಎಣ್ಣೆ ಕುಡಿದಿತ್ತು. ಸ್ಲೈಡಿನ ಬಾಗಿಗೆ ಹತ್ತಿಯ ದಪ್ಪ ಹಗ್ಗ ಹಾಕಿ, ಹೊರ ಕೊಳವೆಯನ್ನು ಬಿಸಿ ಮಾಡಿ, ಹಗ್ಗವನ್ನು ಜಗ್ಗಿದೆ. ಹೊರಗಿನದು ಕಾದು ಹಿಗ್ಗಬೇಕು, ಒಳಗಿನದು ತಣ್ಣಗಿರಬೇಕು, ಆ ಕ್ಷಣದಲ್ಲಿ ಎಳೆಯಬೇಕು. ಪಕ್ಕದ ಬೆಸುಗೆಗಳಿಗೆಲ್ಲ ಒದ್ದೆ ಬಟ್ಟೆ ಸುತ್ತಿದ್ದೆ, ಬೆರಳು ತೂರಿಸುವ ಉಂಗುರಕ್ಕೆ ಮಾತ್ರ ಮರೆತಿದ್ದೆ. ಮೂರನೇ ಜಗ್ಗಿಗೆ ಸ್ಲೈಡ್ ಬಂತು, ಜೊತೆಗೆ ಉಂಗುರವೂ ಕಳಚಿ ನೆಲಕ್ಕೆ ಬಿತ್ತು. ಬೆಸುಗೆ ಹಾಕಿ ಕೂರಿಸಿದೆ, ಸ್ಲೈಡಿಗೆ ಗ್ರೀಸ್ ಹಚ್ಚಿದೆ. ಮುಗೀತು.

ದಿನ 11, 12. ಯುಫೋನಿಯಂ (7 ಗಂಟೆ)

ಕೆಳಗಿನ ಬಾಗಿಗೆ ಅಯಸ್ಕಾಂತದ ಉಪಾಯ. ಒಳಗೆ ನುಣುಪಾದ ಉಕ್ಕಿನ ಗುಂಡು, ಹೊರಗೆ ಭಾರಿ ಶಕ್ತಿಯ ಅಯಸ್ಕಾಂತ. ಅಯಸ್ಕಾಂತ ಎಳೆದ ಕಡೆ ಗುಂಡು ಉರುಳುತ್ತಾ ನೆಗ್ಗನ್ನು ಒಳಗಿಂದ ಮೇಲಕ್ಕೆ ತಳ್ಳುತ್ತದೆ. ಹಿತ್ತಾಳೆಗೆ ಅಯಸ್ಕಾಂತ ಹಿಡಿಯುವುದಿಲ್ಲವಲ್ಲ, ಅದೇ ಅನುಕೂಲ. ನಡುವೆ ಒಂದು ಮೆತ್ತನೆ ಬಟ್ಟೆ ಇರಲಿ, ಇಲ್ಲದಿದ್ದರೆ ಲ್ಯಾಕರ್ ಪೂರ್ತಿ ಗೀರು. ಮೊದಲು ನೆಗ್ಗಿನ ಸುತ್ತ, ನಿಧಾನಕ್ಕೆ ಒಳಕ್ಕೆ. ಮೂರು ಗಂಟೆಯಲ್ಲಿ ಅಂಗೈಯಗಲದ ನೆಗ್ಗು ನಾಣ್ಯದಷ್ಟಾಯಿತು, ಅಲ್ಲಿಗೇ ಬಿಟ್ಟೆ. ಅಯಸ್ಕಾಂತಕ್ಕೂ ವೈಸಿಗೂ ನಡುವೆ ನನ್ನ ಉಂಗುರದ ಬೆರಳು ಸಿಕ್ಕಿ ಉಗುರು ನೀಲಿಯಾಗಿದೆ, ಟೈಪ್ ಮಾಡುವಾಗ ಈಗಲೂ ನೋಯುತ್ತದೆ.

ಟ್ಯೂನಿಂಗ್ ಸ್ಲೈಡ್ ಸಣ್ಣ ಕೊಳವೆ, ಅದಕ್ಕೆ ಬೇರೆ ರೀತಿ. ಚಿಕ್ಕ ಗುಂಡಿನಿಂದ ಶುರು ಮಾಡಿ ಅರ್ಧರ್ಧ ಮಿಲಿಮೀಟರ್ ದೊಡ್ಡದನ್ನು ಹಾಕುತ್ತಾ, ಹಿಂದಿನಿಂದ ಇನ್ನೊಂದು ಗುಂಡು ಬಿಟ್ಟು ಕುಲುಕಿ ಹೊಡೆಸುತ್ತಾ ಹೋಗಬೇಕು. ನಾನು ನಡುವಿನ ಎರಡು ಅಳತೆ ಹಾರಿಸಿದೆ. ಗುಂಡು ನೆಗ್ಗನ್ನು ಅರ್ಧ ದಾಟಿ ಕೂತುಬಿಟ್ಟಿತು. ಅತ್ತ ಹೋಗಲ್ಲ, ಇತ್ತ ಬರಲ್ಲ. ಸ್ಲೈಡ್ ತಿರುವಿ ಇನ್ನೊಂದು ಬಾಯಿಯಿಂದ ಚಿಕ್ಕ ಗುಂಡುಗಳನ್ನು ಬಿಟ್ಟು ಗಿಲಕಿಯ ಹಾಗೆ ಒಂದೂವರೆ ಗಂಟೆ ಕುಲುಕಿದೆ. ಪಕ್ಕದ ಕೋಣೆಯಿಂದ "ಇನ್ನೂ ಎಷ್ಟು ಹೊತ್ತು?" ಅಂತ ಎರಡು ಸಲ ಕೂಗು ಬಂತು. ಗುಂಡು ಬಂತು. ಹಾರಿಸಿದ್ದ ಅಳತೆಗಳನ್ನು ಹಾಕಿ ಶುರುವಿನಿಂದ ಮಾಡಿದೆ, ಇಪ್ಪತ್ತೇ ನಿಮಿಷ ಹಿಡಿಯಿತು!

ನೀರಿನ ಕೀಲಿಗೆ ಹೊಸ ಕಾರ್ಕ್ ಕತ್ತರಿಸಿ ಅಂಟಿಸಿದೆ. ಕಾರ್ಕ್ ಸಮನಾಗಿ ಕೂರದಿದ್ದರೆ ಸೋರುತ್ತದೆ, ಸೋಪಿನ ನೊರೆ ಹಚ್ಚಿ ಊದಿದರೆ ಗೊತ್ತಾಗುತ್ತದೆ. ಗುಳ್ಳೆ ಬರಲಿಲ್ಲ. ಚ್ಯೂಯಿಂಗ್ ಗಮ್ ಕೂಡ ಇಷ್ಟೇ ಚೆನ್ನಾಗಿ ಗಾಳಿ ತಡೆದಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು.

ದಿನ 14, 15. ಸೂಸಾಫೋನ್ (6 ಗಂಟೆ)

ಹಿತ್ತಾಳೆಯ ಸೂಸಾಫೋನ್ ಒಬ್ಬರ ಕೈಯಲ್ಲಿ ತಿರುಗಿಸುವ ವಸ್ತು ಅಲ್ಲ. ಒಳಗಿನ ಕೊಳವೆ ಬಿಡಿಸಿದರೆ ಐದೂವರೆ ಮೀಟರ್ ಉದ್ದ. ಬೆಲ್ ತೆಗೆದರೂ ಮೇಜಿನ ಮೇಲೆ ನಿಲ್ಲುವುದಿಲ್ಲ, ಹೊರಳುತ್ತದೆ. ಹಾಸಿಗೆಯ ಮೇಲೆ ಹಾಕಿಕೊಂಡು ಮೊದಲು ಇಪಾಕ್ಸಿ ಕಿತ್ತೆ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಕೆರೆಯಬೇಕು. ವಾಸನೆ ಕೆಟ್ಟದು, ಕಿಟಕಿ ಎಲ್ಲ ತೆಗೆದಿಡಿ.

ಮೊದಲ ಪ್ರಯತ್ನದಲ್ಲಿ ಬೆಸುಗೆ ಹಿಡಿಯಲೇ ಇಲ್ಲ, ಮುತ್ತಿನ ಹಾಗೆ ಉಂಡೆಯಾಗಿ ಉರುಳಿ ಬಿತ್ತು. ಕಣ್ಣಿಗೆ ಕಾಣದಷ್ಟು ಅಂಟು ಉಳಿದಿತ್ತು. ಹೊಳೆಯುವ ಹಿತ್ತಾಳೆ ಕಾಣುವವರೆಗೆ ಸ್ಯಾಂಡ್ ಪೇಪರ್ ಹಾಕಿದೆ. ಎರಡನೇ ಸಲ ಎರಡೂ ಬದಿಗೆ ಮೊದಲೇ ತೆಳುವಾಗಿ ಬೆಸುಗೆ ಸವರಿ, ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಹಚ್ಚಿ, ಉರಿಯನ್ನು ಬೆಸುಗೆಗೆ ಹಿಡಿಯದೆ ಹಿತ್ತಾಳೆಗೆ ಹಿಡಿದೆ. 60ಕ್ಕೆ 40ರ ತವರ ಸೀಸದ ಬೆಸುಗೆ 190 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಕೊಳವೆ ಅಷ್ಟು ಕಾದರೆ ತಾನೇ ಸಂದಿಗೆ ಹರಿಯುತ್ತದೆ. ಹರಿಯಿತು, ಚೆನ್ನಾಗಿ ಕೂತಿತು. ಮಾರನೇ ದಿನ ಎತ್ತಿದಾಗ "ಟಕ್" ಅಂತ ಬಿಟ್ಟುಕೊಂಡಿತು.

ಯಾಕೆ ಅಂತ ಕೂತು ನೋಡಿದೆ. ಎರಡು ಕೊಳವೆಗಳು ಬಿದ್ದ ಏಟಿಗೆ ಒಂದರಿಂದ ಒಂದು 6 ಮಿಲಿಮೀಟರ್ ದೂರ ಸರಿದಿದ್ದವು. ನಾನು ಅವನ್ನು ಹಿಸುಕಿ ಹಿಡಿದು ಬೆಸುಗೆ ಹಾಕಿದ್ದೆ. ಆ ಎಳೆತವೆಲ್ಲ ಬೆಸುಗೆಯ ಮೇಲೆ. ಮುಂಚಿನ ಇಪಾಕ್ಸಿ ಬಿಟ್ಟಿದ್ದೂ ಇದಕ್ಕೇ ಇರಬೇಕು, ಪಾಪ, ಅದನ್ನು ಮೆತ್ತಿದವರನ್ನು ಸುಮ್ಮನೆ ಬೈದುಕೊಂಡಿದ್ದೆ. ಮೇಷ್ಟ್ರನ್ನು ಕರೆಸಿದೆ.

"ನೀವು ಈ ಕಡೆ ಗಟ್ಟಿಯಾಗಿ ತಬ್ಬಿಕೊಳ್ಳಿ ಮೇಷ್ಟ್ರೇ, ನಾನು ಆ ಕಡೆ ಎಳೀತೀನಿ."

"ಮುರಿದುಬಿಟ್ಟರೆ?"

"ಈಗಲೇ ಮುರಿದಿದೆಯಲ್ಲ."

ಇಬ್ಬರೂ ಸೇರಿ ಕೊಳವೆಯನ್ನು ಬಾಗಿಸಿದೆವು. ಬ್ರೇಸ್ ಸುಮ್ನೆ ಇಟ್ಟರೆ ತನ್ನಷ್ಟಕ್ಕೆ ಕೂರಬೇಕು, ಕೈ ಬಿಟ್ಟರೂ ಸಂದಿ ಬಿಡಬಾರದು, ಆಮೇಲೆ ಬೆಸುಗೆ. ಮೂರನೇ ಸಲದ್ದು ನಿಂತಿತು. ಫ್ಲಕ್ಸ್ ಉಳಿದರೆ ವಾರದಲ್ಲಿ ಹಸಿರು ಹಿಡಿಯುತ್ತದೆ, ಅಡಿಗೆ ಸೋಡಾ ನೀರಿನಲ್ಲಿ ತೊಳೆದೆ. ಕಾಲುಚೀಲವನ್ನು ಮೇಷ್ಟ್ರಿಗೆ ಒಪ್ಪಿಸಿದೆ, ಅವರು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದರು.

ದಿನ 17ರಿಂದ 19. ಟ್ರೊಂಬೋನ್ (8 ಗಂಟೆ, ಕೆಲಸ ಆಗಿಲ್ಲ)

ಬಂದಾಗ ಇದ್ದದ್ದು ಹೊರ ಕೊಳವೆಯ ಮೇಲೆ ಎಳ್ಳಿನಷ್ಟು ಒಂದು ನೆಗ್ಗು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥದ್ದು. ಒಳ ಕೊಳವೆಗಳನ್ನು ದಪ್ಪ ಗಾಜಿನ ಮೇಲಿಟ್ಟು ನೋಡಿದೆ, ನೇರ ಇದ್ದವು. ಹೊರಗಿನದನ್ನು ಒಂದೊಂದೇ ಕಾಲಿಗೆ ಹಾಕಿ ಬಿಟ್ಟು ನೋಡಿದೆ, ಮೇಲಿನದು ಜಾರಿತು, ಕೆಳಗಿನದು ನೆಗ್ಗಿನ ಹತ್ತಿರ ನಿಂತಿತು. ಇಲ್ಲಿವರೆಗೆ ಎಲ್ಲ ಸರಿ.

ಕೆಲಸ ಇಷ್ಟೇ: ಕೊಳವೆಯೊಳಗೆ ಬಿಗಿಯಾಗಿ ಕೂರುವ ನೇರ ಕಡ್ಡಿ, ಹೊರಗಿಂದ ನೆಗ್ಗಿನ ಸುತ್ತ ಬರ್ನಿಷರ್. ಎರಡು ಕೈಗೂ ಕೆಲಸ, ಹಿಡಿದುಕೊಳ್ಳಲು ಮೂರನೇ ಕೈ ಬೇಕಿತ್ತು. ಕೊಳವೆಗೆ ಬಟ್ಟೆ ಸುತ್ತಿ ವೈಸಿನಲ್ಲಿ ಕಚ್ಚಿಸಿದೆ. ಮೆಲ್ಲಗೇ ಬಿಗಿ ಮಾಡಿದ್ದು. ಉಜ್ಜುವಾಗ ತಿರುಗಿತು. ಇನ್ನು ಕಾಲು ಸುತ್ತು ಬಿಗಿ ಮಾಡಿದೆ.

ಈ ಹೊರ ಕೊಳವೆಯ ಗೋಡೆ ಕಾಲು ಮಿಲಿಮೀಟರ್ ಆಸುಪಾಸು. ಬಟ್ಟೆ ಗೀರು ತಪ್ಪಿಸುತ್ತದೆ, ಅದುಮುವುದನ್ನು ತಪ್ಪಿಸುವುದಿಲ್ಲ. ವೈಸಿನ ಬಾಯಿ ಇದ್ದಷ್ಟು ಉದ್ದಕ್ಕೂ ಕೊಳವೆ ಮೊಟ್ಟೆಯಾಕಾರ ಆಗಿದೆ. ಎಳ್ಳಿನಷ್ಟಿದ್ದ ತೊಂದರೆ ಈಗ ಬೆರಳುದ್ದ. ಕಡ್ಡಿ ಹಾಕಿ ಎರಡು ದಿನ ಉಜ್ಜಿದೆ, ಮೊದಲಿಗಿಂತ ಪರವಾಗಿಲ್ಲ, ಆದರೆ ಸ್ಲೈಡ್ ಎಳೆಯುತ್ತಾ ನಾಲ್ಕನೇ ಸ್ವರಸ್ಥಾನಕ್ಕೆ ಬಂದಾಗ ಕೈಗೆ ಸರಕ್ ಅಂತ ಸಿಗುತ್ತದೆ. ನನ್ನ ಕಡ್ಡಿ ಕೊಳವೆಗಿಂತ ಚೂರು ಸಣ್ಣದು, ಅದರಲ್ಲಿ ಇದಕ್ಕಿಂತ ಗುಂಡಗೆ ಆಗುವುದಿಲ್ಲ. ಅಳತೆಗೆ ಸರಿಯಾದ ಮ್ಯಾಂಡ್ರೆಲ್ ಇರುವವರ ಹತ್ತಿರವೇ ಹೋಗಬೇಕು. 19ನೇ ದಿನ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಬಿಡಿ, ಬೇರೆ ಕಡೆಯಿಂದ ಒಂದು ತರಿಸ್ತೀನಿ" ಅಂದರು. ಬೈದಿದ್ದರೆ ವಾಸಿ ಇತ್ತು.

ದಿನ 21. ಊದಿ ನೋಡಿದ್ದು

ಐದನ್ನೂ ಬ್ಯಾಂಡ್ ರೂಮಿಗೆ ನಾನೇ ಒಯ್ದೆ. ಎಯ ತೇಪೆಯನ್ನು ಹುಡುಗರು ಸುತ್ತ ನಿಂತು ಮುಟ್ಟಿ ಮುಟ್ಟಿ ನೋಡಿದರು, ಅದೇ ಬೇಕು ಅಂತ ಇಬ್ಬರು ಜಗಳಕ್ಕೆ ಬಿದ್ದರು. ಸೂಸಾಫೋನ್ ಊದಿದವನು ಮೊದಲಿಗಿಂತ ಹಗುರಾಗಿದೆ ಅಂದ. ಕಾಲುಚೀಲದ ವಿಷಯ ಯಾರೂ ಅವನಿಗೆ ಹೇಳಿರಲಿಲ್ಲ ಅನಿಸುತ್ತದೆ.

ಬಿಯನ್ನು ಆ ಹುಡುಗಿಗೆ ಕೊಟ್ಟೆ. ಎರಡನೇ ವಾಲ್ವ್ ನಾಲ್ಕಾರು ಸಲ ಒತ್ತಿ ನೋಡಿದಳು. ಅದು ಕೂಡಲೇ ಎದ್ದು ಬಂತು. ನನ್ನ ಮುಖ ನೋಡಿದಳು, ಮತ್ತೆ ಒತ್ತಿದಳು. ಆಮೇಲೆ ಸ್ಕೇಲ್ ಊದಲು ಶುರು ಮಾಡಿದಳು. ಎರಡನೇ ವಾಲ್ವ್ ಬಂದಾಗಲೆಲ್ಲ ಎಡಗೈಯ ಆ ಬೆರಳು ತಂತಾನೇ ಎದ್ದು ಬರುತ್ತಿತ್ತು, ಗುಂಡಿ ಆಗಲೇ ಮೇಲೆ ಬಂದುಬಿಟ್ಟಿರುತ್ತಿತ್ತು.

"ಅಂಕಲ್, ಇದು ತುಂಬಾ ಬೇಗ ಬರ್ತಿದೆ" ಅಂದಳು.

ಬಾಕಿ: ಸಿಯ ಕೊಳವೆ ಬದಲಿಸಬೇಕು. ಬಿಯ ಎರಡನೇ ವಾಲ್ವಿಗೆ ಮಂದ ಎಣ್ಣೆ ಹಾಕುತ್ತಿದ್ದಾಳಾ ಅಂತ ತಿಂಗಳಿಗೊಮ್ಮೆ ಕೇಳಬೇಕು. ಟ್ರೊಂಬೋನ್ ಸ್ಲೈಡ್ ಮೇಜಿನ ಮೇಲಿದೆ, ವೈಸಿನಿಂದ ಆದಷ್ಟು ದೂರ.